ಒಂಬತ್ತರಲ್ಲಿ ಏಳು

ಕೊನೆಯ ಸಾದಾ ದಿನ ಒಂದು ಮಂಗಳವಾರ. ಮಳೆ ಬರುವ ಹಾಗಿತ್ತು, ಬರಲಿಲ್ಲ. ನಾನು ಕಾಲೇಜು ಹುಡುಗಿಯೊಬ್ಬಳ ಡ್ರೆಸ್ಸಿಗೆ ತೋಳು ಕೂಡಿಸುತ್ತಿದ್ದೆ. ನನ್ನ ತಮ್ಮ ಒಂದು ಚಕ್ರವನ್ನು ಬೆರಳಿನಿಂದ ತಿರುಗಿಸಿ, ಅದು ಎಲ್ಲಿ ಡೊಂಕಾಗಿದೆ ಎಂದು ಕಣ್ಣು ಸಣ್ಣ ಮಾಡಿ ನೋಡುತ್ತಿದ್ದ.

ಉದಗೀರದಲ್ಲಿ ನಮ್ಮದು ಒಂದೇ ಶಟರಿನ ಅಂಗಡಿ. ಎಡಕ್ಕೆ ಅವನ ಸೈಕಲ್ ರಿಪೇರಿ, ಬಲಕ್ಕೆ ನನ್ನ ಹೊಲಿಗೆ ಮಶೀನು. ಗ್ರೀಸು ಗಿರಾಕಿಗಳ ಬಟ್ಟೆಗೆ ತಾಗಬಾರದೆಂದು ನಡುವೆ ಒಂದು ಹಳೆಯ ಸೀರೆ ಕಟ್ಟಿದ್ದೆ. ಅವನು ಆ ಸೀರೆಗೇ ಕೈ ಒರೆಸುತ್ತಿದ್ದ. ಅವನು ಮದುವೆ ಆಗಲಿಲ್ಲ, ನಾನು ಆಗಿ ತಿರುಗಿ ಬಂದೆ. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ಅವನ ಕಡೆಯ ಗೋಡೆಗೆ ಕಪ್ಪು ಬಣ್ಣ ಬಳಿದ ಪ್ಲೈವುಡ್ ಹಲಗೆಯೊಂದಿತ್ತು. ಅದರ ಮೇಲೆ ಪಾನಾ, ಪಕ್ಕಡ ಮುಂತಾದ ರಿಪೇರಿ ಸಾಮಾನುಗಳು ನೇತಾಡುತ್ತಿದ್ದವು. ಜುಲೈ ಬಂತೆಂದರೆ ಅವನ್ನೆಲ್ಲ ಅಂಚಿಗೆ ಸರಿಸಿ ನಡುವೆ ಜಾಗ ಮಾಡಿ ಅಲ್ಲಿ ಗುಡ್ಡ ಬರೆಯುತ್ತಿದ್ದ. ಫ್ರಾನ್ಸ್ ದೇಶದಲ್ಲಿ ಮೂರು ವಾರ ನಡೆಯುವ ಸೈಕಲ್ ರೇಸಿನ ಗುಡ್ಡ. ಮರುದಿನ ಸವಾರರು ಯಾವ ಯಾವ ಗುಡ್ಡ ಹತ್ತಿ ಇಳಿಯಬೇಕೋ ಅದರ ಗೆರೆ. ಬಯಲಿನ ದಿನಗಳು ಅವನಿಗೆ ಬೇಡ. "ಬಯಲಿನ್ಯಾಗ ಎಲ್ಲಾರೂ ಶಾಣ್ಯಾರು" ಅನ್ನುತ್ತಿದ್ದ.

ಆ ಮಂಗಳವಾರ ಮೂರು ಗುಡ್ಡ ಬರೆದಿದ್ದ. ಮೂರನೆಯದರ ನೆತ್ತಿಯಲ್ಲೇ ಮರುದಿನದ ಆಟ ಮುಗಿಯುವುದಿತ್ತು. ಗೆರೆಯ ಮೇಲೆ ಅಲ್ಲಲ್ಲಿ ಏಳು ಹೆಸರು ಬರೆದಿದ್ದ. ಹೆಸರು ಎಲ್ಲಿದೆಯೋ ಅಲ್ಲಿ ಆ ಸವಾರ ಹಿಂದೆ ಬೀಳುತ್ತಾನೆ ಎಂದು ಅರ್ಥ. ಗೆಲ್ಲಬಲ್ಲವರು ಅವನ ಲೆಕ್ಕದಲ್ಲಿ ಒಂಬತ್ತು ಜನ. ಎಂಟು ಹೆಸರು ಬರೆಯುವುದು, ಒಂದು ಬಿಡುವುದು, ಇದು ಅವನ ಪದ್ಧತಿ. ಬಿಟ್ಟವನೇ ಗೆಲ್ಲುವವನು. ಅವನ ಹೆಸರನ್ನು ಆಟ ಮುಗಿಯುವ ತನಕ ಬಾಯಿಂದಲೂ ಹೇಳುತ್ತಿರಲಿಲ್ಲ.

"ಅಕ್ಕ, ಚಾಕ್ ಕೊಡು" ಅಂದ.

"ನಿಂದೆಲ್ಲಿ ಹೋಯ್ತು?"

"ಮುಗೀತು. ಇನ್ನೊಂದು ಹೆಸರು ಉಳದದ."

"ಮುಗದದ್ದೂ ನಂದೇ ಇತ್ತು. ಬಟ್ಟಿಗೆ ಗುರುತು ಹಾಕ್ಲಾಕ ತಂದ ಚಾಕ್ ಅದ. ನಿನ್ನ ಕುರಿ ಕಾಯ್ಲಾಕ ಅಲ್ಲ."

"ಒಂದೇ ಹೆಸರು, ಅಕ್ಕ."

"ನಾಳಿ ಬರಿ. ಗುಡ್ಡ ಎಲ್ಲೀ ಓಡಿ ಹೋಗಲ್ಲ."

ಅವನು ನಕ್ಕ. "ಗುಡ್ಡ ಓಡಲ್ಲ, ಖರೆ" ಅಂದು ಚಕ್ರಕ್ಕೆ ತಿರುಗಿದ. ನನ್ನ ಮುಂದೆ ಮಶೀನಿನ ಮೇಲೆಯೇ ಚಾಕ್ ಇತ್ತು. ಅರ್ಧ ಬೆರಳಿನಷ್ಟು, ನೀಲಿ ಬಣ್ಣದ್ದು.

ಮರುದಿನ ಬೆಳಿಗ್ಗೆ ನಾನು ಹಿಂದೆ ನಳದಲ್ಲಿ ನೀರು ಹಿಡಿಯುತ್ತಿದ್ದೆ. ಶಟರ್ ಏರುವ ಸದ್ದು ಬಂತು, ಅರ್ಧಕ್ಕೆ ನಿಂತಿತು. ಆ ಶಟರ್ ಯಾವಾಗಲೂ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು, ಹಾಗಾಗಿ ನಾನು ಇನ್ನೊಂದು ಕೊಡ ಇಟ್ಟೆ. ಬಂದು ನೋಡಿದಾಗ ಅವನು ಮೆಟ್ಟಿಲಿಗೆ ಒರಗಿ ಕೂತಿದ್ದ. ದವಾಖಾನೆಯವರು ಎದೆ ನಿಂತಿತ್ತು ಅಂದರು. ನಲವತ್ತೆರಡು ವರ್ಷ. ಬೀಡಿ ಇಲ್ಲ, ಕುಡಿತ ಇಲ್ಲ. ಬಂದವರೆಲ್ಲ ಇದನ್ನೇ ಹೇಳಿದರು, ಬೀಡಿ ಸೇದಿದ್ದರೆ ತಮಗೆ ಸಮಾಧಾನ ಆಗುತ್ತಿತ್ತೇನೋ ಎಂಬಂತೆ.

ದೇವಣಿ ಹತ್ತಿರದ ನಮ್ಮ ಹಳ್ಳಿಗೆ ಒಯ್ದೆವು. ಮಣ್ಣು ಮುಗಿಯುವಾಗ ಮಧ್ಯಾಹ್ನ. ಅವನ ಫೋನು ನನ್ನ ಚೀಲದಲ್ಲಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಗುಂಯ್ ಅಂತು, ಸ್ವಲ್ಪ ಬಿಟ್ಟು ಮತ್ತೆ ಗುಂಯ್ ಅಂತು. ರೇಸಿನ ಸುದ್ದಿ ಎಂದು ಗೊತ್ತಿತ್ತು. ನೋಡಲಿಲ್ಲ. ಚೀಲದ ಮೇಲೆ ಒಂದು ಕಂಬಳಿ ಹಾಕಿದೆ.

ನಮ್ಮದು ಕುರಿ ಸಾಕಿದ ಮನೆತನ, ಬೀರಪ್ಪನ ಒಕ್ಕಲು. ಸುಗ್ಗಿ ಮುಗಿದ ಮೇಲೆ ಅಪ್ಪ ಹಿಂಡು ಹೊಡೆದುಕೊಂಡು ನಿಲಂಗಾ, ಸಾಸ್ತೂರ, ಉಮರ್ಗಾ ಕಡೆಯ ಹೊಲಗಳಿಗೆ ಹೋಗುತ್ತಿದ್ದ. ಗೊಬ್ಬರಕ್ಕಾಗಿ ರೈತರು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ದಾರಿಯಲ್ಲಿ ಒಂದು ಏರು ಇತ್ತು. ಅದನ್ನು ಹತ್ತುವ ಹಿಂದಿನ ಸಂಜೆ ಅಪ್ಪ ಹಿಂಡಿನ ನಡುವೆ ನಿಂತು ಯಾವ ಯಾವ ಕುರಿ ಏರು ಹತ್ತಲಾರವು ಎಂದು ಒಂದೊಂದನ್ನೇ ಹೆಸರು ಹಿಡಿದು ಹೇಳುತ್ತಿದ್ದ. ಅಂಥವನ್ನು ನಾವು ಕೊನೆಗೆ, ನಿಧಾನವಾಗಿ ಹೊಡೆಯಬೇಕು. ಗಟ್ಟಿ ಕುರಿಯ ಹೆಸರು ಮಾತ್ರ ತೆಗೆಯುವ ಹಾಗಿಲ್ಲ. ತೆಗೆದರೆ ನದರ ಆಗುತ್ತದೆ, ಕೆಟ್ಟ ಕಣ್ಣು ತಾಗುತ್ತದೆ, ಏರಿನಲ್ಲಿ ಅದೇ ಮೊದಲು ಮಂಡಿಯೂರುತ್ತದೆ.

"ಛಲೋದರ ಹೆಸರ ತಗೀಬ್ಯಾಡ್ರಿ" ಅನ್ನುತ್ತಿದ್ದ ಅಪ್ಪ. "ಸೋಲೂದು ಯಾವುದು, ಅಷ್ಟೇ ಹೇಳ್ರಿ."

ನಾನು ಸೋದರತ್ತೆಯ ಊರಿಗೆ ಕನ್ನಡ ಶಾಲೆಗೆ ಹೋದೆ, ಇದನ್ನು ಅರ್ಧ ಮರೆತೆ. ತಮ್ಮ ಮರೆಯಲಿಲ್ಲ. ಹಿಂಡು ಮಾರಿ ಸೈಕಲ್ ಕೆಲಸಕ್ಕೆ ಬಂದ ಮೇಲೂ, ಫೋನಿನಲ್ಲಿ ಮೊದಲ ಸಲ ಆ ರೇಸು ನೋಡಿದಾಗ, ಅವನಿಗೆ ಕಂಡದ್ದು ಸೈಕಲ್ ಅಲ್ಲ, ಹಿಂಡು.

"ನೋಡು ಅಕ್ಕ, ಮುಂದ ಹೊಂಟಾರಲ್ಲ, ಇವರು ಆಡು" ಅಂದಿದ್ದ. ಕುರಿ ಹಿಂಡಿನಲ್ಲಿ ನಾಲ್ಕು ಆಡು ಬಿಟ್ಟಿರುತ್ತಾರೆ. ಕುರಿ ತಾನಾಗಿ ಮುಂದೆ ಹೋಗುವುದಿಲ್ಲ, ಆಡು ಹೋಗುತ್ತದೆ, ಕುರಿ ಅದರ ಹಿಂದೆ. ಆ ರೇಸಿನಲ್ಲೂ ಒಂದೊಂದು ತಂಡದಲ್ಲಿ ಒಬ್ಬನೇ ಗೆಲ್ಲಬೇಕಾದವನು. ಉಳಿದವರು ಅವನ ಮುಂದೆ ಗಾಳಿ ಒಡೆದುಕೊಂಡು, ಏರಿನ ವೇಗ ಕಾಯ್ದುಕೊಂಡು, ಸುಸ್ತಾಗಿ ಬದಿಗೆ ಸರಿಯುವವರು. ಕೆಲವರನ್ನು ಬೆಳಿಗ್ಗೆಯೇ ದೂರ ಮುಂದೆ ಓಡಿಸಿಬಿಡುತ್ತಾರೆ. ತಿಳಿಯದವರು ಅವರು ಗೆಲ್ಲಲು ಹೋದರು ಎಂದು ಕೂಗುತ್ತಾರೆ. ತಮ್ಮ, "ನೀರಿನ ಹಂತ್ಯಾಕ ಮೊದಲೇ ಒಬ್ಬನ್ನ ಕಳಸ್ಯಾರ, ಅಷ್ಟೇ" ಅನ್ನುತ್ತಿದ್ದ, ಹಿಂಡು ಬರುವ ಮೊದಲೇ ಹೊಂಡದ ಹತ್ತಿರ ಆಳು ಕಳಿಸುವ ಹಾಗೆ. ಎರಡು ಗುಡ್ಡ ದಾಟಿದ ಮೇಲೆ ಮುಖ್ಯ ಸವಾರ ಒಂಟಿಯಾದಾಗ, ಮುಂದೆ ಹೋದವನು ಅಲ್ಲಿ ಕಾಯುತ್ತಿರುತ್ತಾನೆ. ತಮ್ಮ ಹೇಳಿದ ಹಾಗೇ ಆಗುತ್ತಿತ್ತು.

ಫೋನಿನಲ್ಲಿ ಇಂಗ್ಲಿಷಿನಲ್ಲಿ ಕೂಗುವವರ ಸದ್ದು ಬಂದ್ ಮಾಡಿ, ಫೋನನ್ನು ಪಂಕ್ಚರ್ ಸೊಲ್ಯೂಷನ್ ಡಬ್ಬಿಗೆ ಆನಿಸಿ ನೋಡುತ್ತಿದ್ದ. ಸವಾರರ ಹೆಸರು ಅವನ ನಾಲಿಗೆಗೆ ಬರುತ್ತಿರಲಿಲ್ಲ. ಕುರಿಗೆ ಇಡುವ ಹಾಗೆ ಇಟ್ಟಿದ್ದ: ಬೋಳ್ಯಾ, ಕೆಂಚ, ಕರಿಕಿವಿ, ಉದ್ದಮೂತಿ. ಯಾವುದು ಯಾರ ಹೆಸರೆಂದು ನನಗೂ ರೂಢಿಯಾಗಿತ್ತು. ಅವನು ನೋಡುತ್ತಿದ್ದದ್ದು ಬಾಯಿ. ಏರು ಶುರುವಾಗುವ ಮೊದಲೇ ಬಾಯಿ ತೆರೆದವನು ಹತ್ತಲಾರ. ಭುಜ ಅಲ್ಲಾಡಿಸುವವನು ಅರ್ಧಕ್ಕೆ ನಿಲ್ಲುತ್ತಾನೆ. ಹಿಂದೆ ತಿರುಗಿ ನೋಡುವವನು ಸೋತೇ ಹೋದ.

ಇಷ್ಟು ಹೇಳಿದ ಮೇಲೆ ಉದಗೀರದ ದೊಡ್ಡ ಸವಾರರ ಬಗ್ಗೆ ಹೇಳಬೇಕು.

ನಮ್ಮೂರಿನಲ್ಲಿ ಹತ್ತಲು ಗುಡ್ಡವಿಲ್ಲ. ಕೋಟೆಯ ಕಡೆ ಒಂದಿಷ್ಟು ಇಳಿಜಾರಿದೆ, ಅದನ್ನು ಎಮ್ಮೆಗಳೂ ಹತ್ತುತ್ತವೆ. ಆದರೆ ಗುಡ್ಡ ಹತ್ತುವ ಬಗ್ಗೆ ಮಾತಾಡುವವರಿಗೆ ಕೊರತೆಯಿಲ್ಲ. ಬೆಳಿಗ್ಗೆ ಬಿಗಿ ಬಟ್ಟೆ ಹಾಕಿಕೊಂಡು, ತಲೆಗೆ ಬುಟ್ಟಿಯಂಥದ್ದು ಕಟ್ಟಿಕೊಂಡು, ಹತ್ತು ಹನ್ನೆರಡು ಜನ ಹೊರಡುತ್ತಾರೆ. ದೋಸೆ ಸಿಗುವ ತನಕ ಹೋಗುತ್ತಾರೆ. ದೋಸೆ ತಿಂದು ಫೋಟೋ ತೆಗೆದು ತಿರುಗಿ ಬರುತ್ತಾರೆ. ಅವರ ಮುಂದಾಳು ಒಬ್ಬ ಹಲ್ಲಿನ ಡಾಕ್ಟರ್. ಹೊಲ ಮನೆ ಚೆನ್ನಾಗಿರುವ ಶಿವಭಕ್ತರ ಮನೆಯ ಮಗ, ನಮ್ಮ ಜೊತೆ ಕನ್ನಡ, ಊರ ಜೊತೆ ಮರಾಠಿ, ಸೈಕಲ್ ಜೊತೆ ಇಂಗ್ಲಿಷ್. ಅವನ ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಬಹುದು. ಅವನನ್ನು ಎತ್ತಲು ನಾಲ್ಕು ಜನ ಬೇಕು. ಒಳಗೆ ಮೆತ್ತೆ ಇರುವ ಅವನ ಚಡ್ಡಿ ಕುಂಡಿಯ ಹತ್ತಿರ ಎರಡು ಸಲ ಹರಿದಿತ್ತು, ಎರಡು ಸಲವೂ ನಾನೇ ಹೊಲಿದದ್ದು. ಹಾಗಾಗಿ ಅವನ ಸವಾರಿಯ ಬಗ್ಗೆ ನನಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು.

ಅವನು ಪ್ರತಿ ಜುಲೈ ನಮ್ಮ ಹಲಗೆಯ ಮುಂದೆ ಬಂದು ನಿಲ್ಲುತ್ತಿದ್ದ. ಆ ಮಂಗಳವಾರವೂ ಬಂದಿದ್ದ.

"ಉಸ್ತಾದ, ಹಳದಿ ಅಂಗಿಯವನ ಹೆಸರ ಅರ್ಧ ಗುಡ್ಡಕ್ಕೇ ಬರ್ದೀರಿ? ಮೂರು ದಿನದಿಂದ ಅಂವಾ ಎಲ್ಲಾರಿಗಿಂತ ಮುಂದ ಅದಾನ!"

"ಅದಾನ್ರಿ. ಆದ್ರ ನಿನ್ನಿ ಎರಡು ಸಲ ಹಿಂದ ಹೊಳ್ಳಿ ನೋಡ್ಯಾನ."

"ಹೊಳ್ಳಿ ನೋಡಿದ್ರ ಏನಾಯ್ತು? ರಸ್ತಾ ನೋಡಿರಬೇಕು."

"ರಸ್ತಾ ಮುಂದ ಇರ್ತದಲ್ರಿ, ಡಾಕ್ಟರ್ ಸಾಹೇಬ್ರ."

ಡಾಕ್ಟರ್ ನಗುತ್ತಿದ್ದ. ಹಲಗೆಯ ಫೋಟೋ ತೆಗೆದುಕೊಂಡು ಹೋಗುತ್ತಿದ್ದ. ಸಂಜೆಯ ಹೊತ್ತಿಗೆ ಅದೇ ಮಾತು ಅವರ ಗುಂಪಿನ ಫೋನುಗಳಲ್ಲಿ ಡಾಕ್ಟರನ ಸ್ವಂತ ಅಂದಾಜಾಗಿ ಓಡಾಡುತ್ತಿತ್ತು. ತಪ್ಪಾದ ದಿನ ಮಾತ್ರ "ಉಸ್ತಾದ ಹೇಳಿದ್ದ" ಎಂದು ಬರುತ್ತಿತ್ತು. ತಮ್ಮನಿಗೆ ಇದು ಗೊತ್ತಿತ್ತು. "ಒಯ್ಯಲಿ ಬಿಡು, ಒಯ್ದರೂ ಅಂವಗ ಕಣ್ಣು ಬರಲ್ಲ" ಅನ್ನುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಅವನಿಗೆ ಬಾರದ ಸಿಟ್ಟನ್ನೆಲ್ಲ ನಾನೇ ಇಟ್ಟುಕೊಂಡಿದ್ದೆ.

ಸತ್ತ ಹನ್ನೊಂದನೆಯ ದಿನ ನಾನು ಉದಗೀರಕ್ಕೆ ತಿರುಗಿ ಬಂದೆ. ಅಂಗಡಿಯ ಎದುರಿನ ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಮೇಲೆ ಮರಾಠಿಯಲ್ಲಿ ಭಾವಪೂರ್ಣ ಶ್ರದ್ಧಾಂಜಲಿ. ನಡುವೆ ನನ್ನ ತಮ್ಮ. ಅವನ ತಲೆಯನ್ನು ಕತ್ತರಿಸಿ ಹಳದಿ ಅಂಗಿ ತೊಟ್ಟ ಯಾರದೋ ಮೈಗೆ ಕೂಡಿಸಿದ್ದರು. ಕೊರಳಿನ ಬಣ್ಣ ಒಂದು, ಕೈಯ ಬಣ್ಣ ಒಂದು. ನಾನು ಹೊಲಿಗೆಯವಳು. ಅಂಥ ಜೋಡಣೆ ಮಾಡಿ ಕೊಟ್ಟರೆ ಗಿರಾಕಿ ನನ್ನ ಮುಖಕ್ಕೆ ಎಸೆಯುತ್ತಾರೆ. ಕೆಳಗೆ ಡಾಕ್ಟರನದೂ ಉಳಿದ ದೋಸೆ ಸವಾರರದೂ ನಗುವ ಫೋಟೋಗಳ ಸಾಲು. ಅದರ ಮೇಲೆ ದಪ್ಪ ಅಕ್ಷರದಲ್ಲಿ: ಕೊನೆಯ ಗುಡ್ಡದಲ್ಲಿ ಗೆಲ್ಲುವವನ ಹೆಸರನ್ನು ಹಿಂದಿನ ದಿನವೇ ಹೇಳಿದ ಉಸ್ತಾದ. ಪಕ್ಕದಲ್ಲಿ ಗೆದ್ದವನ ಹೆಸರು, ಪೂರ್ತಿಯಾಗಿ.

ಅದು ಉದ್ದಮೂತಿಯ ಹೆಸರು.

ನಾನು ಒಳಗೆ ಹೋಗಿ ಹಲಗೆ ನೋಡಿದೆ. ಏಳು ಹೆಸರು. ಬರೆಯದೆ ಉಳಿದವರು ಇಬ್ಬರು, ಕರಿಕಿವಿ ಮತ್ತು ಉದ್ದಮೂತಿ. ಇವರಲ್ಲಿ ಒಬ್ಬನನ್ನು ಅವನು ಬರೆಯುವವನಿದ್ದ, ಇನ್ನೊಬ್ಬನನ್ನು ಬಿಡುವವನಿದ್ದ. ನನಗೆ ಹೇಳಲಿಲ್ಲ. ಅಪ್ಪನ ಮಾತಿನಂತೆ ಯಾರಿಗೂ ಹೇಳುವವನಲ್ಲ. ಹಾಗಿದ್ದರೆ ಡಾಕ್ಟರನಿಗೆ ಹೇಳಿದನೇ? ಕುರಿಯ ಬಾಲ ಯಾವುದು, ಕಿವಿ ಯಾವುದು ತಿಳಿಯದವನಿಗೆ ಹೇಳಿ, ಒಂದೇ ಸೀರೆಯ ಈಚೆ ಕೂತ ನನಗೆ ಹೇಳಲಿಲ್ಲವೇ? ನಂಬಲಿಲ್ಲ. ಆದರೆ ನಂಬದೆ ಇರಲು ನನ್ನ ಹತ್ತಿರ ಸಾಕ್ಷಿಯೂ ಇರಲಿಲ್ಲ.

ಅವತ್ತು ಮಧ್ಯಾಹ್ನ ಅವನ ಫೋನು ಚಾರ್ಜಿಗೆ ಹಾಕಿ, ಸೊಲ್ಯೂಷನ್ ಡಬ್ಬಿಗೆ ಆನಿಸಿ, ಅವನು ಸತ್ತ ದಿನದ ರೇಸು ಹಾಕಿದೆ. ಸದ್ದು ಬಂದ್ ಮಾಡಿದೆ. ಹಲಗೆ ಮತ್ತು ಫೋನು, ಎರಡನ್ನೂ ನೋಡುತ್ತ ಕೂತೆ. ಎರಡನೆಯ ಗುಡ್ಡದ ಇಳಿಜಾರಿನಲ್ಲಿ ಕೆಂಚ ಹಿಂದೆ ಬಿದ್ದ, ಬರೆದಲ್ಲಿಯೇ. ರಸ್ತೆ ಒದ್ದೆಯಿತ್ತು. ಹಳದಿ ಅಂಗಿಯವನು ಅರ್ಧ ಗುಡ್ಡದಲ್ಲಿ ಒಮ್ಮೆ ಹಿಂದೆ ನೋಡಿದ, ಇನ್ನೊಮ್ಮೆ ನೋಡಿದ, ಮುಗಿಯಿತು. ಬೋಳ್ಯಾ ಮಾತ್ರ ತಮ್ಮ ಹೇಳಿದ್ದಕ್ಕಿಂತ ಬಹಳ ಹೊತ್ತು ಉಳಿದ. ಇನ್ನೊಬ್ಬನು ಮೊದಲನೆಯ ಗುಡ್ಡದಲ್ಲೇ ಸೈಕಲ್ ಇಳಿದು ಕಾರು ಹತ್ತಿದ, ಹಲಗೆಯಲ್ಲಿ ಅವನ ಹೆಸರು ಮೂರನೆಯ ಗುಡ್ಡದ ಮೇಲಿತ್ತು. ಏಳರಲ್ಲಿ ಐದು ಸರಿ, ಎರಡು ತಪ್ಪು. ಫ್ಲೆಕ್ಸ್ ಬರೆದವರಿಗೆ ಈ ಎರಡು ತಪ್ಪು ಬೇಕಿರಲಿಲ್ಲ. ನನಗೆ ಬೇಕಿತ್ತು. ಆ ತಪ್ಪುಗಳನ್ನು ಅವನೇ ಮಾಡಿದ್ದ.

ಕೊನೆಗೆ ಇಬ್ಬರೇ ಉಳಿದರು. ಉದ್ದಮೂತಿ ಗುಡ್ಡದ ಬುಡದಿಂದಲೇ ಬಾಯಿ ತೆರೆದಿದ್ದ. ಕರಿಕಿವಿ ಮುಚ್ಚಿದ ಬಾಯಿ ತೆರೆಯದೆ, ಭುಜ ಅಲ್ಲಾಡಿಸದೆ, ಅವನ ಹಿಂದಿನ ಚಕ್ರ ಹಿಡಿದು ಹತ್ತಿದ. ತಮ್ಮನ ನಿಯಮದ ಪ್ರಕಾರ ಗೆಲ್ಲಬೇಕಾದವನು ಕರಿಕಿವಿ. ಆಟ ಮುಗಿಯುವಲ್ಲಿಯ ಕಮಾನು ಕಾಣುವಾಗ ಉದ್ದಮೂತಿ ಎದ್ದು ನಿಂತು ತುಳಿದ, ಕರಿಕಿವಿ ಏಳಲಿಲ್ಲ. ಅಷ್ಟೇ.

ತಮ್ಮ ಕರಿಕಿವಿಯನ್ನೇ ಬಿಡುವವನಿದ್ದ, ಅಂದಾಜು ತಪ್ಪಿತ್ತು, ಅಂದುಕೊಂಡೆ. ಹಾಗೆ ಅಂದುಕೊಂಡಾಗ ಒಂದು ರೀತಿ ಹಿತವೂ ಆಯಿತು. ಡಾಕ್ಟರನ ಬಾಯಲ್ಲಿ ಅವನು ಸರಿಯಾಗುವುದಕ್ಕಿಂತ ತನ್ನ ಕಣ್ಣಿನಿಂದ ತಪ್ಪಾಗುವುದು ಮೇಲು. ಆದರೆ ಹಿಂದೊಮ್ಮೆ ಅವನೇ ಹೇಳಿದ್ದು ನೆನಪಾಯಿತು: "ಕೆಲವು ಕುರಿ ಬಾಯಿ ತೆರಕೊಂಡೇ ಹುಟ್ಟತಾವ, ಅವುಕ್ಕ ಈ ಲೆಕ್ಕ ಇಲ್ಲ." ಉದ್ದಮೂತಿ ಅಂಥವನೋ ಅಲ್ಲವೋ ನನಗೆ ತಿಳಿಯದು. ಅದನ್ನು ಅವನು ಗುಡ್ಡದ ದಿನಗಳಲ್ಲೆಲ್ಲ ನೋಡಿ ತಿಳಿದಿರುತ್ತಿದ್ದ. ನಾನು ತೋಳು ಕೂಡಿಸುತ್ತಿದ್ದೆ.

ಮುಂದಿನ ಭಾನುವಾರ ಡಾಕ್ಟರ್ ಅವನ ಹೆಸರಿನಲ್ಲಿ ಸವಾರಿ ಇಟ್ಟ. ಉದಗೀರದಿಂದ ನಿಲಂಗಾ ಹಾದು ಉಮರ್ಗಾ ತನಕ. ಜೀಪಿನ ಮುಂದೆ ಆ ಫ್ಲೆಕ್ಸ್ ಕಟ್ಟಿದರು. ನಾನು ಕಾಯಿ ಒಡೆಯಬೇಕು, ಜೀಪಿನಲ್ಲಿ ಬರಬೇಕು ಅಂದರು. ಬರುವುದಿಲ್ಲ ಅನ್ನಬಹುದಿತ್ತು. ಕೇಳಬೇಕಾದದ್ದು ಒಂದಿತ್ತು, ಹೋದೆ.

ಹೊರಟಾಗ ಇಪ್ಪತ್ತು ಜನ ಇದ್ದರು. ಊರು ದಾಟಿದ ಮೇಲೆ ಗಾಳಿ ಎದುರಿಗೆ ಬಂತು. ಗಾಳಿಯಲ್ಲಿ ಕುರಿ ಒಂದರ ಮರೆಗೆ ಒಂದು ನಿಲ್ಲುತ್ತದೆ. ಇವರು ಫೋಟೋಗೆ ಎಲ್ಲರ ಮುಖ ಬರಲಿ ಎಂದು ರಸ್ತೆಯಗಲ ಅಡ್ಡಡ್ಡ ಹರಡಿಕೊಂಡು ಗಾಳಿ ತಿಂದರು. ನಿಲಂಗಾ ಬರುವುದರೊಳಗೆ ಆರು ಜನ ಜೀಪಿನಲ್ಲಿ ನನ್ನ ಪಕ್ಕ ಕೂತಿದ್ದರು, ಅವರ ಸೈಕಲ್ಲುಗಳು ಜೀಪಿನ ನೆತ್ತಿಯ ಮೇಲೆ. ನನ್ನ ತಮ್ಮ ಇದ್ದಿದ್ದರೆ ಯಾರು ಯಾವ ಮೈಲಿಗೆ ಹತ್ತುತ್ತಾರೆ ಎಂದು ಕಾಯಿ ಒಡೆಯುವ ಮೊದಲೇ ಬರೆದಿಡುತ್ತಿದ್ದ.

ನಿಲಂಗಾದಲ್ಲಿ ಚಹಾಕ್ಕೆ ನಿಂತರು. ಅಲ್ಲಿ ಕೂಡಿದವರಿಗೆ ಡಾಕ್ಟರ್ ಕತೆ ಹೇಳುತ್ತಿದ್ದ. ನಾನು ಹತ್ತಿರ ಹೋದೆ.

"ಡಾಕ್ಟರ್ ಸಾಹೇಬ್ರ, ನನ್ನ ತಮ್ಮ ನಿಮಗ ಯಾವಾಗ ಹೇಳಿದ?"

"ಮಂಗಳವಾರ ಸಂಜಿಮುಂದ, ಅಕ್ಕಾರ. ಫೋನಿನ್ಯಾಗ."

"ಹೆಸರು ಹೇಳಿದ್ನಾ?"

"ಹೌದ್ರಿ, ಹೇಳಿದಾ."

"ಫ್ಲೆಕ್ಸಿನ ಮ್ಯಾಲ ಅದಲ್ಲ, ಅದೇ ಹೆಸರು? ಪೂರ್ತಿ?"

"ಪೂರ್ತಿ ರೀ."

"ಅಂವಗ ಆ ಹೆಸರು ಅನ್ಲಾಕ ಬರ್ತಿದ್ದಿಲ್ಲ" ಅಂದೆ. "ಉದ್ದಮೂತಿ ಅಂತಿದ್ದ. ನಿಮಗೂ ಅಡ್ಡಹೆಸರು ಇಟ್ಟಿದ್ದ. ಹೇಳಬೇಕೇನ್ರಿ?"

ಯಾರೋ ನಕ್ಕರು. ಡಾಕ್ಟರ್ ಚಹಾದ ಕಪ್ಪು ಕೆಳಗಿಟ್ಟು ನನ್ನನ್ನು ಜೀಪಿನ ಆಚೆ ಕರೆದೊಯ್ದ. ಬೆವರಿನಲ್ಲಿ ಅವನ ಬಿಗಿ ಅಂಗಿ ಮೈಗೆ ಅಂಟಿತ್ತು. ಅವನ ಮುಖ ಮೊದಲ ಸಲ ನನಗೆ ಸಾದಾ ಮನುಷ್ಯನ ಮುಖದ ಹಾಗೆ ಕಂಡಿತು. ಅದು ನನಗೆ ಇಷ್ಟವಾಗಲಿಲ್ಲ.

"ಅಕ್ಕಾರ, ಸುಳ್ಳು ಹೇಳ್ದೆ. ಎಲ್ಲಾರೂ ಛಲೋ ಅಂದ್ರು, ಹಂಗೇ ಬರ್ಸಿದೆ. ತಪ್ಪಾಯ್ತು."

"ಹಂಗಾದ್ರ ಅಂವಾ ಏನೂ ಹೇಳಿಲ್ಲ?"

"ಫೋನ್ ಮಾಡಿದ್ದೆ ಖರೆ. ಹಲಗಿ ಫೋಟೋದಾಗ ಎರಡು ಹೆಸರು ಕಮ್ಮಿ ಅದಾವ, ಸಂಶಯ ಅದ ಏನು ಉಸ್ತಾದ, ಅಂತ ಕೇಳ್ದೆ."

"ಅದಕ್ಕ?"

ಅವನು ಫ್ಲೆಕ್ಸಿನ ಕಡೆ ನೋಡಿದ. "ಸಂಶಯ ಏನಿಲ್ರಿ, ನಂಗ ಗೊತ್ತದ, ಅಂದಾ. ಅಕ್ಕ ಚಾಕ್ ಕೊಡಲಿಲ್ಲ, ಮುಂಜಾನಿ ಬರೀತೀನಿ, ಬಂದು ನೋಡ್ರಿ, ಅಂದಾ. ನಗ್ತಿದ್ದಾ."

ಈ ಮನುಷ್ಯನ ಬಾಯಿಂದ ಬಂದ ಒಂದೇ ಒಂದು ನಿಜದ ಮಾತು ಇದು, ಇದನ್ನೂ ಸುಳ್ಳು ಅನ್ನಬಹುದಿತ್ತು. ಆದರೆ ಚಾಕಿನ ಸಂಗತಿ ನನ್ನನ್ನೂ ತಮ್ಮನನ್ನೂ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಫ್ಲೆಕ್ಸ್ ತಗಸ್ತೀನ್ರಿ" ಅಂದ ಡಾಕ್ಟರ್.

"ಹೆಸರಿನ ಮ್ಯಾಲ ಕಾಗದ ಹಚ್ಚು" ಅಂದೆ. ಅವನಿಗೆ ಅದುವರೆಗೆ ನೀವು ಅನ್ನುತ್ತಿದ್ದೆ.

ಅವರು ಉಮರ್ಗಾಕ್ಕೆ ಹೋದರು. ಸೈಕಲ್ಲಿನ ಮೇಲೆ ಎಷ್ಟು ಜನ ಹೋದರು, ಜೀಪಿನಲ್ಲಿ ಎಷ್ಟು ಜನ ಹೋದರು, ಕೇಳಲಿಲ್ಲ. ನಾನು ನಿಲಂಗಾ ಸ್ಟ್ಯಾಂಡಿನಿಂದ ಬಸ್ಸು ಹಿಡಿದು ಉದಗೀರಕ್ಕೆ ಬಂದೆ. ದಾರಿಯುದ್ದ ಸೋಯಾಬೀನ್ ಹಸಿರಾಗಿತ್ತು. ನನ್ನ ಪಕ್ಕ ಕೂತ ಮುದುಕಿ ಎಲ್ಲಿಗೆ ಹೋಗಿದ್ದೆ ಎಂದು ಮರಾಠಿಯಲ್ಲಿ ಕೇಳಿದಳು. ತಮ್ಮನ ಕೆಲಸಕ್ಕೆ ಅಂದೆ.

ಮಶೀನಿನ ಮೇಲೆ ಆ ನೀಲಿ ಚಾಕ್ ಇನ್ನೂ ಇತ್ತು. ಅದರಿಂದ ನಾನು ಮತ್ತೆ ಬಟ್ಟೆಗೆ ಗುರುತು ಹಾಕಲಿಲ್ಲ, ಹೊಸ ಪೆಟ್ಟಿಗೆ ತಂದೆ. ಕೆಲವರು ಬಂದು ಹಲಗೆ ಒರೆಸಿಬಿಡು, ಮನಸ್ಸಿಗೆ ಒಳ್ಳೆಯದು ಅನ್ನುತ್ತಾರೆ. ಇನ್ನು ಕೆಲವರು ಗಾಜು ಹಾಕಿಸು ಅನ್ನುತ್ತಾರೆ. ಎರಡೂ ಮಾತು ಒಂದೇ ತೂಕದವು. ಪಾನಾ ಪಕ್ಕಡಗಳನ್ನು ಮಾರಿದೆ. ಎಡಗಡೆಯ ಜಾಗವನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಸೀರೆ ಹಾಗೇ ಇದೆ, ಗ್ರೀಸಿನ ಬೆರಳುಗಳ ಗುರುತಿನ ಜೊತೆ.

ಎರಡು ಹೆಸರಿನಲ್ಲಿ ಯಾವುದನ್ನು ಬರೆಯುವವನಿದ್ದ ಎಂದು ಅವನಿಗೆ ಗೊತ್ತಿತ್ತು. ನನಗೆ ಗೊತ್ತಿಲ್ಲ. ಹಲಗೆಯ ಮೇಲೆ ಏಳು ಹೆಸರಿವೆ, ಎಂಟನೆಯದು ಇಲ್ಲ.